ಸರತಿಯಲ್ಲಿ ನಿಂತ ರಜೆ

ಅಮೆರಿಕದಲ್ಲಿ ನೆಲೆಸಿದ ಕನ್ನಡ ಕುಟುಂಬಗಳ ಬದುಕಿನಲ್ಲಿ ಒರ್ಲ್ಯಾಂಡೊ ಪ್ರವಾಸಕ್ಕೆ ಒಂದು ವಿಶೇಷ ಸ್ಥಾನವಿದೆ. ಹಿಂದಿನ ತಲೆಮಾರಿನವರು ಕಾಶಿಗೆ ಹೊರಡುವ ಮಾತನ್ನು ವರ್ಷಗಟ್ಟಲೆ ಆಡುತ್ತಿದ್ದಂತೆ ಈ ತಲೆಮಾರಿನವರು ಡಿಸ್ನಿ ವರ್ಲ್ಡಿನ ಮಾತನ್ನು ಆಡುತ್ತಾರೆ. ಮಗುವಿಗೆ ಐದು ತುಂಬಲಿ, ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತ ದಾಟಲಿ, ಕೈಯಲ್ಲಿರುವ ಪ್ರಾಜೆಕ್ಟ್ ಮುಗಿಯಲಿ, ಊರಿನಿಂದ ಅಜ್ಜ-ಅಜ್ಜಿ ಬರಲಿ ಎಂದು ಮುಂದೂಡುತ್ತ ಬಂದ ಪ್ರವಾಸ ಕೊನೆಗೊಂದು ವರ್ಷ ಕೈಗೂಡುತ್ತದೆ. ಹೋಗಿ ಬಂದವರನ್ನು ಹೇಗಿತ್ತು ಎಂದು ಕೇಳಿದರೆ ಸಿಗುವ ಉತ್ತರ ಹೆಚ್ಚುಕಡಿಮೆ ಒಂದೇ: “ಚೆನ್ನಾಗಿತ್ತು, ಆದರೆ...” ಆ ‘ಆದರೆ’ಯ ನಂತರದ ಮಾತುಗಳೂ ಮನೆಯಿಂದ ಮನೆಗೆ ಹೆಚ್ಚು ಬದಲಾಗುವುದಿಲ್ಲ. ಜನ ಜಾಸ್ತಿ, ಬಿಸಿಲು ಜಾಸ್ತಿ, ಎಲ್ಲಿ ನೋಡಿದರೂ ಸರತಿ, ನೀರಿನಂತೆ ಹರಿದ ದುಡ್ಡು, ದಿನವಿಡೀ ಫೋನಿನ ಮೇಲೆ ನೆಟ್ಟ ಕಣ್ಣು, ರಾತ್ರಿ ಹೋಟೆಲಿಗೆ ಮರಳುವಾಗ ಯಾರೊಬ್ಬರೂ ಯಾರೊಂದಿಗೂ ಮಾತಾಡದಷ್ಟು ದಣಿವು.

ಈ ಅಸಮಾಧಾನವನ್ನು ಕುಟುಂಬಗಳು ಸಾಮಾನ್ಯವಾಗಿ ತಮ್ಮದೇ ತಪ್ಪೆಂದು ತಿಳಿಯುತ್ತವೆ. ಇನ್ನೂ ಮೊದಲೇ ಬುಕ್ ಮಾಡಬೇಕಿತ್ತು, ಬೇರೆ ತಿಂಗಳು ಆರಿಸಿಕೊಳ್ಳಬೇಕಿತ್ತು, ಬೆಳಿಗ್ಗೆ ಇನ್ನೊಂದು ಗಂಟೆ ಬೇಗ ಏಳಬೇಕಿತ್ತು ಎಂದು ಗಂಡಹೆಂಡಿರು ವಿಮಾನ ನಿಲ್ದಾಣದಲ್ಲೇ ಲೆಕ್ಕ ಹಾಕತೊಡಗುತ್ತಾರೆ. ಆದರೆ ಸಾವಿರಾರು ಮನೆಗಳ ದೂರು ಒಂದೇ ಆಗಿರುವಾಗ ಅದನ್ನು ಒಂದೊಂದು ಮನೆಯ ದೋಷ ಎನ್ನಲಾಗದು. ನಿರೀಕ್ಷೆಗೂ ಅನುಭವಕ್ಕೂ ನಡುವಿನ ಅಂತರ ಈ ಉದ್ಯಮದ ರಚನೆಯಲ್ಲೇ ಇದೆ. ಆ ಅಂತರವನ್ನು ತುಂಬಿಕೊಡುವ ನೆಪದಲ್ಲಿ ಅದು ಎರಡನೆಯ ಸಲ ಬೆಲೆ ವಸೂಲು ಮಾಡುತ್ತದೆ. ಇನ್ನು ಅಂತರ ಅಷ್ಟು ದೊಡ್ಡದಾಗಿ ಕಾಣುವುದಕ್ಕೆ ಕಾರಣ ಒರ್ಲ್ಯಾಂಡೊದ ಆ ಐದು ದಿನಗಳಿಗಿಂತ ವರ್ಷದ ಉಳಿದ ಮುನ್ನೂರ ಅರವತ್ತು ದಿನಗಳಲ್ಲಿದೆ.

ಕಾಯುವ ಸುಖ ಕೈಗೆ ಬಂದ ಸುಖಕ್ಕಿಂತ ದೊಡ್ಡದಾಗಿರುವುದು ಮನುಷ್ಯರಿಗೆ ಹೊಸದೇನಲ್ಲ. 1997ರಲ್ಲಿ ಟೆರೆನ್ಸ್ ಮಿಚೆಲ್, ಲೀ ಥಾಂಪ್ಸನ್ ಮತ್ತು ಸಂಗಡಿಗರು ಯುರೋಪ್ ಪ್ರವಾಸಕ್ಕೆ ಹೊರಟವರನ್ನು, ಥ್ಯಾಂಕ್ಸ್‌ಗಿವಿಂಗ್ ರಜೆಗೆ ಹೊರಟ ವಿದ್ಯಾರ್ಥಿಗಳನ್ನು, ಕ್ಯಾಲಿಫೋರ್ನಿಯಾದಲ್ಲಿ ಸೈಕಲ್ ಯಾತ್ರೆ ಕೈಗೊಂಡವರನ್ನು ಮೊದಲು, ನಡುವೆ, ಆಮೇಲೆ ಎಂದು ಮೂರು ಹಂತಗಳಲ್ಲಿ ಪ್ರಶ್ನಿಸಿದರು. ಹೊರಡುವ ಮುನ್ನ ಜನ ಕಲ್ಪಿಸಿಕೊಂಡದ್ದೂ ಮರಳಿದ ಮೇಲೆ ನೆನೆಸಿಕೊಂಡದ್ದೂ ಪ್ರವಾಸದ ನಡುವೆ ಅವರೇ ದಾಖಲಿಸಿದ ಅನುಭವಕ್ಕಿಂತ ಸೊಗಸಾಗಿದ್ದವು. ನೆದರ್ಲೆಂಡ್ಸ್‌ನಲ್ಲಿ 1,530 ವಯಸ್ಕರನ್ನು ಗಮನಿಸಿದ 2010ರ ಇನ್ನೊಂದು ಅಧ್ಯಯನವೂ ಇದಕ್ಕೆ ಹತ್ತಿರದ ಮಾತನ್ನೇ ಹೇಳುತ್ತದೆ. ರಜೆಗೆ ಹೊರಡಲಿರುವವರು ಉಳಿದವರಿಗಿಂತ ಸಂತೋಷದಿಂದಿದ್ದರು. ರಜೆ ಮುಗಿಸಿ ಬಂದವರಲ್ಲಿ, ಬಹಳ ನಿರಾಳವಾಗಿ ರಜೆ ಕಳೆದವರನ್ನು ಬಿಟ್ಟರೆ, ಮಿಕ್ಕವರಿಗೂ ಮನೆಯಲ್ಲೇ ಉಳಿದವರಿಗೂ ವ್ಯತ್ಯಾಸ ಕಾಣಲಿಲ್ಲ. ಇಲ್ಲಿ ಗಮನಿಸಬೇಕಾದುದು ‘ನಿರಾಳವಾಗಿ’ ಎಂಬ ಮಾತನ್ನು. ಥೀಮ್ ಪಾರ್ಕಿನಲ್ಲಿ ಎಲ್ಲವೂ ಸಿಗುತ್ತದೆ, ಆ ಒಂದನ್ನು ಬಿಟ್ಟು.

ನೆನಪು ಎಷ್ಟು ಮೃದುವಾದ ಮಣ್ಣು ಎಂಬುದಕ್ಕೆ ಡಿಸ್ನಿಯದೇ ಒಂದು ಉದಾಹರಣೆಯಿದೆ. 2002ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಕ್ಯಾಥರಿನ್ ಬ್ರೌನ್, ರಿಯಾನನ್ ಎಲ್ಲಿಸ್ ಮತ್ತು ಎಲಿಜಬೆತ್ ಲಾಫ್ಟಸ್ ಅವರು ಕೆಲವರಿಗೆ ಒಂದು ಕೃತಕ ಜಾಹೀರಾತನ್ನು ಓದಲು ಕೊಟ್ಟರು. ಬಾಲ್ಯದಲ್ಲಿ ಡಿಸ್ನಿ ಪಾರ್ಕಿಗೆ ಹೋದಾಗ ಬಗ್ಸ್ ಬನ್ನಿಯ ಕೈ ಕುಲುಕಿದ ಚಿತ್ರಣ ಅದರಲ್ಲಿತ್ತು. ಓದಿದವರಲ್ಲಿ ಹಲವರು ತಾವೂ ಹಾಗೆ ಕೈ ಕುಲುಕಿದ್ದೆವು ಎಂದು ನಂಬತೊಡಗಿದರು. ಬಗ್ಸ್ ಬನ್ನಿ ವಾರ್ನರ್ ಬ್ರದರ್ಸ್ ಸಂಸ್ಥೆಯ ಪಾತ್ರ. ಡಿಸ್ನಿಯ ಆವರಣದಲ್ಲಿ ಅದು ಕಾಣಿಸಿಕೊಳ್ಳುವ ಪ್ರಶ್ನೆಯೇ ಇಲ್ಲ. ಮುಂಬರುವ ಸುಖದ ಕನಸನ್ನು ಕಟ್ಟಿಕೊಡುವ ಜಾಹೀರಾತು ಕಳೆದುಹೋದ ದಿನದ ನೆನಪನ್ನೂ ತಿದ್ದಬಲ್ಲದು ಎಂದಾಯಿತು. ದಣಿದು ಸೊರಗಿದ ಕುಟುಂಬ ಎರಡು ವರ್ಷದ ಬಳಿಕ ಅದೇ ಪ್ರವಾಸವನ್ನು ಜೀವಮಾನದ ಸುಖವೆಂದು ಬಣ್ಣಿಸುವುದರಲ್ಲಿ, ನೆರೆಮನೆಯವರಿಗೂ ಹೋಗಿಬನ್ನಿ ಎನ್ನುವುದರಲ್ಲಿ ಆಶ್ಚರ್ಯವಿಲ್ಲ.

ಇಷ್ಟೇ ಆಗಿದ್ದರೆ ಇದನ್ನು ಮನಸ್ಸಿನ ಆಟ ಎಂದು ಬಿಟ್ಟುಬಿಡಬಹುದಿತ್ತು. ಆದರೆ ಟಿಕೆಟ್ಟಿನ ಚರಿತ್ರೆಯನ್ನು ನೋಡಿದಾಗ ಬೇರೊಂದು ಕತೆ ಕಾಣುತ್ತದೆ. 1955ರಲ್ಲಿ ಕ್ಯಾಲಿಫೋರ್ನಿಯಾದ ಅನಾಹೈಮ್‌ನಲ್ಲಿ ಡಿಸ್ನಿಲ್ಯಾಂಡ್ ತೆರೆದಾಗ ವಯಸ್ಕರ ಪ್ರವೇಶ ದರ ಒಂದು ಡಾಲರ್. 1971ರ ಅಕ್ಟೋಬರ್ 1ರಂದು ಫ್ಲಾರಿಡಾದಲ್ಲಿ ವಾಲ್ಟ್ ಡಿಸ್ನಿ ವರ್ಲ್ಡ್ ತೆರೆದಾಗ ಮೂರೂವರೆ ಡಾಲರ್. ಆಗ ಒಂದೊಂದು ಆಟಕ್ಕೂ ಬೇರೆ ಟಿಕೆಟ್ ಇತ್ತೆಂಬುದು ನಿಜ. 1982ರಲ್ಲಿ ಬಿಡಿ ಟಿಕೆಟ್ಟಿನ ಪುಸ್ತಕ ಹೋಗಿ, ಒಮ್ಮೆ ಹಣ ಕೊಟ್ಟು ಒಳಹೊಕ್ಕರೆ ಎಲ್ಲ ಆಟವೂ ಸಿಗುವ ಪದ್ಧತಿ ಬಂತು. 2022ರ ಕೊನೆಯ ವೇಳೆಗೆ ಮ್ಯಾಜಿಕ್ ಕಿಂಗ್‌ಡಮ್ ಪಾರ್ಕಿನ ಒಂದು ದಿನದ ಪ್ರವೇಶ, ಬೇಡಿಕೆ ಹೆಚ್ಚಿರುವ ದಿನಗಳಲ್ಲಿ, 189 ಡಾಲರ್ ಮುಟ್ಟಿತು. 1971ರ ಮೂರೂವರೆ ಡಾಲರನ್ನು ಹಣದುಬ್ಬರಕ್ಕೆ ಹೊಂದಿಸಿದರೆ ಇಂದಿಗೆ ಮೂವತ್ತು ಡಾಲರಿನ ಆಸುಪಾಸು. ಅಜ್ಜ-ಅಜ್ಜಿ, ಗಂಡಹೆಂಡಿರು, ಇಬ್ಬರು ಮಕ್ಕಳಿರುವ ಮನೆಗೆ ಆಗ ಅಂಥ ಒಂದು ದಿನದ ಬಾಗಿಲು ದಾಟಲು ಸುಮಾರು 1,100 ಡಾಲರ್ ಬೇಕಿತ್ತು. ವಿಮಾನ, ಹೋಟೆಲ್, ಊಟ, ಪಾರ್ಕಿಂಗ್ ಆಮೇಲಿನ ಮಾತು.

ಬೆಲೆ ಏರಿದ್ದಕ್ಕಿಂತ ಮುಖ್ಯವಾದ ಬದಲಾವಣೆ ಸರತಿಯಲ್ಲಿ ಆಗಿದೆ. 1999ರಲ್ಲಿ ಬಂದ ಫಾಸ್ಟ್‌ಪಾಸ್ ಉಚಿತವಾಗಿತ್ತು. ಚೀಟಿ ಪಡೆದು, ಅದರಲ್ಲಿ ನಮೂದಿಸಿದ ಹೊತ್ತಿಗೆ ಬಂದರೆ ಚಿಕ್ಕ ಸಾಲಿನಲ್ಲಿ ಒಳಹೋಗಬಹುದಿತ್ತು. ಪಾರ್ಕಿನೊಳಗಿದ್ದ ಎಲ್ಲರಿಗೂ ಅದು ಲಭ್ಯವಿತ್ತು. ಕೋವಿಡ್ ಕಾಲದಲ್ಲಿ ನಿಂತ ಆ ವ್ಯವಸ್ಥೆ 2021ರ ಅಕ್ಟೋಬರ್‌ನಲ್ಲಿ ಜೀನಿ ಪ್ಲಸ್ ಎಂಬ ಹೆಸರಿನಲ್ಲಿ, ಒಬ್ಬರಿಗೆ ದಿನಕ್ಕೆ 15 ಡಾಲರ್ ಬೆಲೆ ಕಟ್ಟಿಕೊಂಡು ಮರಳಿತು. 2024ರಲ್ಲಿ ಅದಕ್ಕೆ ಲೈಟ್ನಿಂಗ್ ಲೇನ್ ಎಂಬ ಹೊಸ ಹೆಸರು ಬಂತು. ಡಿಸ್ನಿಯ ಹೋಟೆಲಿನಲ್ಲಿ ಉಳಿಯುವವರು ಏಳು ದಿನ ಮುಂಚೆ ಆಟಗಳನ್ನು ಕಾದಿರಿಸಬಹುದು, ಹೊರಗೆ ಉಳಿಯುವವರು ಮೂರೇ ದಿನ ಮುಂಚೆ ಎಂಬ ತರತಮವೂ ಜೊತೆಗೆ ಬಂತು. ಅದೇ ವರ್ಷದ ಕೊನೆಗೆ, ಹೊತ್ತು ಗೊತ್ತುಮಾಡಿಕೊಳ್ಳದೆ ನೇರ ಹೋಗಬಲ್ಲ ಪ್ರೀಮಿಯರ್ ಪಾಸ್ ಮಾರಾಟಕ್ಕಿಟ್ಟಾಗ ಅದರ ಬೆಲೆ, ಪ್ರವೇಶ ಟಿಕೆಟ್ಟಿನ ಹೊರತಾಗಿ, ಒಬ್ಬರಿಗೆ ದಿನಕ್ಕೆ 449 ಡಾಲರಿನವರೆಗೂ ಇತ್ತು.

ಒಂದು ಆಟಕ್ಕೆ ಗಂಟೆಗೆ ಇಷ್ಟೇ ಜನ ಎಂಬ ಮಿತಿ ಇರುತ್ತದೆ. ಹಣ ಕೊಟ್ಟ ಒಬ್ಬರು ಮುಂದೆ ಹೋದರೆ, ಕೊಡದ ಒಬ್ಬರು ಹಿಂದೆ ಸರಿಯಲೇಬೇಕು. ಆದ್ದರಿಂದ ಇಲ್ಲಿ ಮಾರಾಟವಾಗುವ ವೇಗ ಎಲ್ಲಿಂದಲೋ ಹೊಸದಾಗಿ ಹುಟ್ಟಿದ್ದಲ್ಲ, ಪಕ್ಕದ ಸಾಲಿನಲ್ಲಿ ನಿಂತವರ ಹೊತ್ತಿನಿಂದ ಕತ್ತರಿಸಿ ತೆಗೆದದ್ದು. ಸಾಮಾನ್ಯ ಸಾಲು ಉದ್ದವಾದಷ್ಟೂ ವಿಶೇಷ ಸಾಲಿನ ಗಿರಾಕಿ ಹೆಚ್ಚುತ್ತದೆ. ಕಾಯುವಿಕೆಯನ್ನು ನಿವಾರಿಸುವುದಾಗಿ ಹೇಳುವ ವ್ಯಾಪಾರಕ್ಕೆ ಕಾಯುವಿಕೆಯೇ ಬಂಡವಾಳ. ಎಂಐಟಿಯ ರಿಚರ್ಡ್ ಲಾರ್ಸನ್ 1987ರಲ್ಲೇ ಸರತಿಯ ಮನಶ್ಶಾಸ್ತ್ರ ಕುರಿತ ತಮ್ಮ ಪ್ರಬಂಧದಲ್ಲಿ ಸಾಮಾಜಿಕ ನ್ಯಾಯದ ಪ್ರಶ್ನೆಯನ್ನು ಎತ್ತಿದ್ದರು. ಸಾಲಿನಲ್ಲಿ ನಿಂತವರನ್ನು ನೋಯಿಸುವುದು ಕಾದ ನಿಮಿಷಗಳ ಸಂಖ್ಯೆಯೊಂದೇ ಅಲ್ಲ; ತಮಗಿಂತ ತಡವಾಗಿ ಬಂದವರು ತಮ್ಮನ್ನು ದಾಟಿ ಹೋಗುವ ದೃಶ್ಯ ಅದಕ್ಕಿಂತ ಹೆಚ್ಚು ನೋಯಿಸುತ್ತದೆ.

ಕನ್ನಡಿಗರಿಗೆ ಈ ದೃಶ್ಯ ಹೊಸದಲ್ಲ. ತಿರುಪತಿಯಲ್ಲಿ 300 ರೂಪಾಯಿಯ ವಿಶೇಷ ಪ್ರವೇಶ ದರ್ಶನ, ಕರ್ನಾಟಕದ ದೊಡ್ಡ ದೇವಸ್ಥಾನಗಳ ಶೀಘ್ರ ದರ್ಶನದ ಕೌಂಟರು, ಬಿಡದಿಯ ವಂಡರ್‌ಲಾದ ಫಾಸ್ಟ್‌ಟ್ರ್ಯಾಕ್ ಟಿಕೆಟ್ಟು ಇವೆಲ್ಲ ಒಂದೇ ತತ್ವದ ಬೇರೆಬೇರೆ ರೂಪಗಳು. ದೇವರ ಮುಂದೆಯಾದರೂ ಎಲ್ಲರೂ ಸಮಾನರಾಗಿರಬೇಕು ಎಂದು ಲೇಖನ ಬರೆಯುವವರೇ ಒರ್ಲ್ಯಾಂಡೊದಲ್ಲಿ ಮಕ್ಕಳ ಮುಖ ನೋಡಿ ಫೋನಿನಲ್ಲಿ ಕಾರ್ಡಿನ ಸಂಖ್ಯೆ ಒತ್ತುತ್ತಾರೆ. ಅದಕ್ಕಾಗಿ ಅವರನ್ನು ಹಂಗಿಸಬೇಕಿಲ್ಲ. ತೊಂಬತ್ತು ನಿಮಿಷದ ಸಾಲಿನಲ್ಲಿ ಅಳುವ ಮಗುವನ್ನು ಎತ್ತಿಕೊಂಡು ನಿಂತವರಿಗೆ ತತ್ವನಿಷ್ಠೆಯ ಪಾಠ ಹೇಳುವುದು ಸುಲಭ, ನಿಲ್ಲುವುದು ಕಷ್ಟ. ಆದರೆ ಆ ಗಳಿಗೆಯಲ್ಲಿ ಮಗು ಏನನ್ನು ಕಲಿಯುತ್ತಿದೆ ಎಂಬ ಪ್ರಶ್ನೆ ಉಳಿದೇ ಉಳಿಯುತ್ತದೆ. ಆಟದ ಅಂಗಳದಲ್ಲಿ ತನ್ನ ಪಾಳಿಗಾಗಿ ಕಾಯುವುದು ಎಲ್ಲ ಸಂಸ್ಕೃತಿಗಳೂ ಮಕ್ಕಳಿಗೆ ಕಲಿಸುವ ಮೊದಲ ಪ್ರಜಾಸತ್ತಾತ್ಮಕ ಪಾಠಗಳಲ್ಲೊಂದು. ಪಾಳಿಗೂ ಬೆಲೆಯುಂಟು ಎಂಬುದು ಅದನ್ನು ಅಳಿಸಿ ಬರೆದ ಎರಡನೆಯ ಪಾಠ.

ಈ ವ್ಯವಸ್ಥೆಯ ಇನ್ನೊಂದು ಪರಿಣಾಮವೆಂದರೆ ರಜೆಯೇ ಕಚೇರಿಯ ಕೆಲಸವಾಗಿಬಿಡುವುದು. ಬೆಳಿಗ್ಗೆ ಏಳು ಗಂಟೆಗೆ ಸರಿಯಾಗಿ ಆ್ಯಪ್ ತೆರೆದು ಹೊತ್ತು ಕಾದಿರಿಸಬೇಕು. ಯಾವ ಆಟಕ್ಕೆ ಎಷ್ಟು ಹೊತ್ತು, ಯಾವ ಊಟಕ್ಕೆ ಎಲ್ಲಿ ಜಾಗ, ಯಾವ ಬಸ್ಸು ಎಷ್ಟು ಹೊತ್ತಿಗೆ ಎಂಬ ಲೆಕ್ಕಕ್ಕೆ ಎಕ್ಸೆಲ್ ಹಾಳೆ ಮಾಡಿಕೊಂಡು ಹೊರಡುವ ಮನೆಗಳಿವೆ. ಸಾಫ್ಟ್‌ವೇರ್ ಕಚೇರಿಯಲ್ಲಿ ವರ್ಷವಿಡೀ ಮಾಡಿದ್ದನ್ನೇ ರಜೆಯಲ್ಲೂ ಮಾಡುತ್ತ, ಅಪ್ಪ ಅಥವಾ ಅಮ್ಮ ಮನೆಮಂದಿಗೆಲ್ಲ ಪ್ರಾಜೆಕ್ಟ್ ಮ್ಯಾನೇಜರ್ ಆಗುತ್ತಾರೆ. ಹೆಚ್ಚಿನ ಮನೆಗಳಲ್ಲಿ ಅಮ್ಮನೇ. ಒರ್ಲ್ಯಾಂಡೊದ ಬೇಸಿಗೆಯ ಮಧ್ಯಾಹ್ನಗಳಲ್ಲಿ ಸಿಡಿಲು ಮಳೆ ಸಾಮಾನ್ಯ. ಸಿಡಿಲು ಹತ್ತಿರವಾದರೆ ಬಯಲಿನ ಆಟಗಳನ್ನು ನಿಲ್ಲಿಸುತ್ತಾರೆ. ಆಗ ತಿಂಗಳುಗಟ್ಟಲೆ ಹೆಣೆದ ಯೋಜನೆ ಅರ್ಧ ಗಂಟೆಯಲ್ಲಿ ಕುಸಿಯುತ್ತದೆ. ಸ್ಪೇಸ್ ಮೌಂಟನ್ ಏರಲು 44 ಅಂಗುಲ ಎತ್ತರ ಬೇಕು. ಎರಡು ವರ್ಷ ಅದರ ವಿಡಿಯೊ ನೋಡಿ ಕನಸು ಕಂಡ ಮಗು 43 ಅಂಗುಲವಿದ್ದರೆ ಅಳತೆಗೋಲಿನ ಮುಂದೆ ನಡೆಯುವುದು ಯಾವ ಎಕ್ಸೆಲ್ ಹಾಳೆಯಲ್ಲೂ ಇರುವುದಿಲ್ಲ. ವಿಚಿತ್ರವೆಂದರೆ, ಅನೇಕ ಮನೆಗಳು ಆಮೇಲೆ ಅಕ್ಕರೆಯಿಂದ ನೆನೆಯುವುದು ಮಳೆಗೆ ಸಿಕ್ಕಿ ಒಂದು ಸೂರಿನಡಿ ಕೂತು, ಹೋಟೆಲಿನಿಂದ ಕಟ್ಟಿಕೊಂಡು ಬಂದ ಚಪಾತಿ, ಪುಳಿಯೋಗರೆ ತಿಂದ ಗಳಿಗೆಯನ್ನು. ಹೊರಗಿನ ತಿಂಡಿ ತರಲು ಡಿಸ್ನಿ ವರ್ಲ್ಡ್ ಅಡ್ಡಿಮಾಡುವುದಿಲ್ಲ. ಇಡೀ ದಿನದಲ್ಲಿ ಯಾರೂ ಕಾದಿರಿಸದಿದ್ದ ಹೊತ್ತು ಅದೊಂದೇ.

ಹಾಗಾದರೆ ಒಂದು ಪ್ರವಾಸದ ಮೇಲೆ ಇಷ್ಟೊಂದು ಭಾರ ಏಕೆ ಬೀಳುತ್ತದೆ? ಉತ್ತರ ಫ್ಲಾರಿಡಾದ ಹೊರಗಿದೆ. ಸಂಬಳ ಸಹಿತ ವಾರ್ಷಿಕ ರಜೆಯನ್ನು ಕಡ್ಡಾಯಗೊಳಿಸುವ ಒಕ್ಕೂಟ ಕಾನೂನು ಅಮೆರಿಕದಲ್ಲಿಲ್ಲ. ಯುರೋಪಿಯನ್ ಒಕ್ಕೂಟದ ಕಾನೂನು ಪ್ರತಿಯೊಬ್ಬ ನೌಕರನಿಗೂ ವರ್ಷಕ್ಕೆ ಕನಿಷ್ಠ ನಾಲ್ಕು ವಾರಗಳ ಸಂಬಳ ಸಹಿತ ರಜೆಯನ್ನು ಖಾತರಿಪಡಿಸುತ್ತದೆ. ಬ್ರಿಟನ್ನಿನಲ್ಲಿ ಅದು 5.6 ವಾರ. ಜರ್ಮನಿಯ ಕನ್ನಡಿಗನೊಬ್ಬ ಪ್ಯಾರಿಸ್ಸಿನ ಡಿಸ್ನಿಲ್ಯಾಂಡಿಗೆ ಮೂರು ದಿನ ಹೋಗಿ ನಿರಾಶನಾದರೂ ಅವನ ಕೈಯಲ್ಲಿ ಇನ್ನೂ ಕೆಲವು ವಾರ ಉಳಿದಿರುತ್ತವೆ. ಅಮೆರಿಕದಲ್ಲಿ ರಜೆ ಮಾಲೀಕರ ಔದಾರ್ಯ. ಎಚ್-1ಬಿ ವೀಸಾದ ಮೇಲಿರುವವರಿಗೆ ಇರುವ ರಜೆಯನ್ನು ತೆಗೆದುಕೊಳ್ಳಲೂ ಅಳುಕು, ಏಕೆಂದರೆ ಕೆಲಸ ಹೋದರೆ ಅದರ ಹಿಂದೆಯೇ ದೇಶದಲ್ಲಿರುವ ಹಕ್ಕೂ ಹೋಗುತ್ತದೆ. ಊರಿಗೆ ಹೋದರೆ ವೀಸಾ ಮುದ್ರೆ ಬಿದ್ದು ಸಕಾಲಕ್ಕೆ ಮರಳಲಾದೀತೇ ಎಂಬ ಭಯ. ಹೀಗಾಗಿ ತಾಯ್ತಂದೆಯರನ್ನು ಪ್ರವಾಸಿ ವೀಸಾದಲ್ಲಿ ಇಲ್ಲಿಗೇ ಕರೆಸಿಕೊಳ್ಳಬೇಕು. ಅವರು ಬಂದ ಕೆಲವು ತಿಂಗಳಲ್ಲೇ ಮಕ್ಕಳ ಶಾಲೆಗೆ ಬಿಡುವಿರುವ ವಾರವನ್ನು ಹುಡುಕಬೇಕು. ದೇಶದ ಎಲ್ಲ ಶಾಲೆಗಳಿಗೂ ಬಿಡುವು ಹೆಚ್ಚುಕಡಿಮೆ ಅದೇ ವಾರ. ದಿನಕ್ಕೊಂದು ದರ ಕಟ್ಟುವ ಟಿಕೆಟ್ ವ್ಯವಸ್ಥೆಗೆ ಇದು ಚೆನ್ನಾಗಿ ಗೊತ್ತು.

ಮೂರು ತಲೆಮಾರು ಒಟ್ಟಿಗೆ ಕೂತು ಉಣ್ಣುವ, ಮೊಮ್ಮಕ್ಕಳು ಅಜ್ಜಿಯ ಬಾಯಲ್ಲಿ ಕನ್ನಡ ಕೇಳುವ, ಗಂಡಹೆಂಡಿರು ತಮ್ಮೊಳಗೆ ನಿಧಾನವಾಗಿ ಮಾತಾಡುವ ಎಲ್ಲ ಆಸೆಗಳನ್ನೂ ಆ ಐದು ದಿನಗಳಲ್ಲಿ ತುರುಕಲಾಗುತ್ತದೆ. ಅಷ್ಟನ್ನು ಹೊರುವ ಶಕ್ತಿ ಯಾವ ಜಾಗಕ್ಕೂ ಇಲ್ಲ. ಊರಿನ ಜಾತ್ರೆಯಲ್ಲೂ ದೂಳು, ನೂಕುನುಗ್ಗಲು, ಕಾಲು ನೋವು, ಬೆಂಡು ಬತ್ತಾಸಿಗೆ ಹಟ ಎಲ್ಲ ಇದ್ದವು. ಆದರೂ ಜಾತ್ರೆ ಯಾರನ್ನೂ ನಿರಾಶೆಗೊಳಿಸಿದ್ದು ಕಡಿಮೆ, ಏಕೆಂದರೆ ಬದುಕಿನ ಉಳಿದ ಸಂತೋಷಗಳನ್ನೆಲ್ಲ ಯಾರೂ ಅದಕ್ಕೆಂದು ಬಾಕಿ ಇಟ್ಟಿರುತ್ತಿರಲಿಲ್ಲ. ಈ ವರ್ಷ ತಪ್ಪಿದರೆ ಮುಂದಿನ ವರ್ಷ ತೇರು ಮತ್ತೆ ಎಳೆಯುತ್ತಿತ್ತು.

ಎಡಪಂಥೀಯ ಚಿಂತಕರು ಡಿಸ್ನಿಯನ್ನು ಟೀಕಿಸಿಲ್ಲವೆಂದಲ್ಲ. ಫ್ಲಾರಿಡಾದ ಪಾರ್ಕು ತೆರೆದ ಅದೇ 1971ರಲ್ಲಿ, ಅಲೆಂಡೆಯ ಚಿಲಿಯಲ್ಲಿ, ಏರಿಯಲ್ ಡೋರ್ಫ್‌ಮನ್ ಮತ್ತು ಅರ್ಮಾಂಡ್ ಮ್ಯಾಟೆಲಾರ್ ಅವರು ಡೊನಾಲ್ಡ್ ಡಕ್ ಚಿತ್ರಕತೆಗಳ ಒಳಗಿನ ಸಾಮ್ರಾಜ್ಯಶಾಹಿಯನ್ನು ಬಿಡಿಸಿಟ್ಟ ಪುಸ್ತಕ ಪ್ರಕಟಿಸಿದರು. 1973ರ ಸೈನಿಕ ದಂಗೆಯ ಬಳಿಕ ಅದರ ಪ್ರತಿಗಳು ಬೆಂಕಿಗೆ ಬಿದ್ದವು. ಆ ದೃಷ್ಟಿಯಿಂದ ನೋಡಿದರೆ ಇಂದಿನ ಪಾರ್ಕಿನಲ್ಲೂ ಓದಲು ಬೇಕಾದಷ್ಟಿದೆ. ಎಪ್‌ಕಾಟ್‌ನಲ್ಲಿ ಹನ್ನೊಂದು ದೇಶಗಳ ಮಂಟಪಗಳಿವೆ, ಭಾರತದ್ದು ಇಲ್ಲ. ಅನಿಮಲ್ ಕಿಂಗ್‌ಡಮ್‌ನಲ್ಲಿರುವುದು ಭಾರತ, ನೇಪಾಳ ಮುಂತಾದ ನಾಡುಗಳನ್ನು ಕಲಸಿ ಕಟ್ಟಿದ ‘ಆನಂದಪುರ’ವೆಂಬ ಕಾಲ್ಪನಿಕ ರಾಜ್ಯ, ಅಲ್ಲಿ ಕಾಳಿಯ ಹೆಸರಿನ ನೀರಾಟವೊಂದಿದೆ. ಬಣ್ಣ ಮಾಸಿದ ಗೋಡೆ, ಹಳೆಯ ಸೈಕಲ್ಲು, ಕೈಬರಹದ ಫಲಕಗಳನ್ನು ಅಚ್ಚುಕಟ್ಟಾಗಿ ‘ಹಳತು’ ಮಾಡಿ ಇಟ್ಟಿರುವುದನ್ನು ಕಂಡು ಊರಿನಿಂದ ಬಂದ ಅಜ್ಜ, ಇದನ್ನು ನೋಡಲು ಇಷ್ಟು ದೂರ ಬರಬೇಕಿತ್ತೇ ಎಂದರೆ ಆ ವಿಮರ್ಶೆ ಯಾವ ಪ್ರಬಂಧಕ್ಕೂ ಕಡಿಮೆಯದಲ್ಲ.

ಆದರೆ ಚಿತ್ರಗಳ ಅರ್ಥ ಬಿಡಿಸುವ ಉತ್ಸಾಹದಲ್ಲಿ ಸಂಬಳದ ಚೀಟಿಯನ್ನು ಓದುವುದು ತಪ್ಪಿಹೋಗುತ್ತದೆ. 2024ರ ಆರ್ಥಿಕ ವರ್ಷದಲ್ಲಿ ಪಾರ್ಕು, ಹಡಗು, ಆಟಿಕೆ ಮೊದಲಾದವನ್ನು ಒಳಗೊಂಡ ಡಿಸ್ನಿಯ ವಿಭಾಗದ ಆದಾಯ ಸುಮಾರು 34 ಬಿಲಿಯನ್ ಡಾಲರ್, ಕಾರ್ಯಾಚರಣೆಯ ಲಾಭ 9 ಬಿಲಿಯನ್ನಿಗೂ ಹೆಚ್ಚು. ಕಂಪನಿಯ ಎಲ್ಲ ವಿಭಾಗಗಳ ಒಟ್ಟು ಲಾಭದಲ್ಲಿ ಅರ್ಧಕ್ಕಿಂತ ಹೆಚ್ಚು ಇಲ್ಲಿಂದಲೇ ಬಂತು. ಇನ್ನು ಆ ಲಾಭವನ್ನು ದುಡಿದುಕೊಟ್ಟವರ ಕಡೆ ನೋಡಬೇಕು. ಒರ್ಲ್ಯಾಂಡೊದ ಸುಮಾರು 45,000 ಸೇವಾ ನೌಕರರ ಸಂಘಗಳು 2023ರ ಫೆಬ್ರವರಿಯಲ್ಲಿ ಕಂಪನಿಯ ಮೊದಲ ಕೊಡುಗೆಯನ್ನು ಭಾರಿ ಬಹುಮತದಿಂದ ತಿರಸ್ಕರಿಸಿದ ಮೇಲೆ, ಮಾರ್ಚ್‌ನ ಒಪ್ಪಂದದಲ್ಲಿ ಆ ವರ್ಷದ ಕೊನೆಗೆ ಕನಿಷ್ಠ ವೇತನ ಗಂಟೆಗೆ 18 ಡಾಲರ್ ಆಗುವಂತೆ ಗೊತ್ತಾಯಿತು. ಅಂದರೆ ಬೆಳಿಗ್ಗೆಯಿಂದ ಸಂಜೆಯವರೆಗೆ ಬಿಸಿಲಲ್ಲಿ ನಿಂತು ಮಂದಹಾಸ ಬೀರುತ್ತ ಸಾಲನ್ನು ನಡೆಸುವವರು ಮ್ಯಾಜಿಕ್ ಕಿಂಗ್‌ಡಮ್‌ನ ಒಂದು ದಿನದ ದುಬಾರಿ ಟಿಕೆಟ್ಟಿನಷ್ಟು ಗಳಿಸಲು ಒಂದು ದಿನಕ್ಕೂ ಮೀರಿ ದುಡಿಯಬೇಕು.

ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡಿನ ಸುಮಾರು 5,000 ನೌಕರರನ್ನು ಮಾತಾಡಿಸಿ ಆಕ್ಸಿಡೆಂಟಲ್ ಕಾಲೇಜು ಮತ್ತು ಎಕನಾಮಿಕ್ ರೌಂಡ್‌ಟೇಬಲ್ ಸಂಸ್ಥೆ 2018ರಲ್ಲಿ ಒಂದು ವರದಿ ಪ್ರಕಟಿಸಿದವು. ಹಿಂದಿನ ಎರಡು ವರ್ಷಗಳಲ್ಲಿ ಒಂದಲ್ಲ ಒಂದು ಹೊತ್ತು ಮಲಗಲು ಸ್ವಂತ ಸೂರಿಲ್ಲದೆ ಇದ್ದೆವು ಎಂದವರು ನೂರಕ್ಕೆ 11 ಮಂದಿ. ಕಾರ್ಮಿಕ ಸಂಘಗಳ ನೆರವಿನಿಂದ ನಡೆದ ಆ ಸಮೀಕ್ಷೆಯನ್ನು ಕಂಪನಿ ಒಪ್ಪಲಿಲ್ಲ. ಆದರೆ ಅದೇ ವರ್ಷ ಅನಾಹೈಮ್‌ನ ಮತದಾರರು, ನಗರದಿಂದ ಸಹಾಯಧನ ಪಡೆಯುವ ದೊಡ್ಡ ಆತಿಥ್ಯ ಸಂಸ್ಥೆಗಳು ಹೆಚ್ಚಿನ ಕನಿಷ್ಠ ವೇತನ ಕೊಡಬೇಕೆಂಬ ಪ್ರಸ್ತಾವವನ್ನು ಗೆಲ್ಲಿಸಿದರು. ಅದು ತನಗೆ ಅನ್ವಯಿಸುವುದಿಲ್ಲವೆಂದು ವಾದಿಸಿ ನ್ಯಾಯಾಲಯದಲ್ಲಿ ಸೋತ ಕಂಪನಿ, 2024ರಲ್ಲಿ ಬಾಕಿ ವೇತನದ ಮೊಕದ್ದಮೆಯನ್ನು 233 ಮಿಲಿಯನ್ ಡಾಲರಿಗೆ ಇತ್ಯರ್ಥಪಡಿಸಿಕೊಂಡಿತು. ಅದೇ ವರ್ಷ ಮೇ ತಿಂಗಳಲ್ಲಿ ಮಿಕ್ಕಿ, ಮಿನ್ನಿಗಳ ವೇಷ ತೊಡುವ ಕಲಾವಿದರೂ ಸಂಘ ಕಟ್ಟಿಕೊಳ್ಳುವ ಪರವಾಗಿ ಮತ ಹಾಕಿದರು. ಡಿಸ್ನಿಯ ಭಾಷೆಯಲ್ಲಿ ಅಲ್ಲಿ ನೌಕರರಿಲ್ಲ, ಇರುವವರೆಲ್ಲ ‘ಪಾತ್ರವರ್ಗ’. ಗಿರಾಕಿಗಳಿಲ್ಲ, ಇರುವವರೆಲ್ಲ ‘ಅತಿಥಿಗಳು’. ನಗುವೂ ಕೆಲಸದ ಭಾಗವಾದಾಗ ಅದನ್ನು ಭಾವಶ್ರಮ ಎಂದು ಕರೆದು, 1983ರಲ್ಲಿ ವಿಮಾನದ ಗಗನಸಖಿಯರ ಉದಾಹರಣೆಯಿಂದ ವಿವರಿಸಿದವರು ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್. ಅತಿಥಿಗೆ ಸುಸ್ತಾದಾಗ ಮುಖ ಗಂಟಿಕ್ಕಿಕೊಳ್ಳುವ ಸ್ವಾತಂತ್ರ್ಯವಿದೆ, ಪಾತ್ರವರ್ಗಕ್ಕಿಲ್ಲ.

ಅನಿವಾಸಿ ಕನ್ನಡಿಗರು ಈ ಕತೆಯಲ್ಲಿ ಬರಿಯ ಪ್ರೇಕ್ಷಕರಲ್ಲ. 2014ರ ಅಕ್ಟೋಬರ್‌ನಲ್ಲಿ ಒರ್ಲ್ಯಾಂಡೊದ ಡಿಸ್ನಿಯ ತಂತ್ರಜ್ಞಾನ ವಿಭಾಗದ ಸುಮಾರು 250 ಮಂದಿಗೆ ಕೆಲಸ ಹೋಗುವ ಸೂಚನೆ ಸಿಕ್ಕಿತು. ಅವರ ಕೆಲಸವನ್ನು ಹೊರಗುತ್ತಿಗೆಗೆ ಕೊಡಲಾಗಿತ್ತು. ಅದನ್ನು ವಹಿಸಿಕೊಳ್ಳಲು ಬಂದವರಲ್ಲಿ ಅನೇಕರು ಎಚ್-1ಬಿ ವೀಸಾದ ಮೇಲಿದ್ದ ಭಾರತೀಯರು. ಹೊರಡುವವರು ಕೊನೆಯ ವಾರಗಳಲ್ಲಿ ತಮ್ಮ ಜಾಗಕ್ಕೆ ಬರುವವರಿಗೆ ತಾವೇ ತರಬೇತಿ ಕೊಡಬೇಕಾಯಿತು. 2015ರ ಜೂನ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್ ಇದನ್ನು ವರದಿ ಮಾಡಿದಾಗ ದೇಶದ ತುಂಬ ಗದ್ದಲವಾಯಿತು. ಕಳೆದುಕೊಂಡದ್ದಕ್ಕಿಂತ ಹೆಚ್ಚು ಕೆಲಸಗಳನ್ನು ಸೃಷ್ಟಿಸಿದ್ದೇವೆ ಎಂದು ಕಂಪನಿ ಹೇಳಿತು. ಕೆಲಸ ಹೋದವರು ಹೂಡಿದ ದಾವೆಗಳು 2016ರಲ್ಲಿ ವಜಾ ಆದವು. ವಲಸೆವಿರೋಧಿ ರಾಜಕಾರಣಕ್ಕೆ ಮಾತ್ರ ಅದು ಒಳ್ಳೆಯ ಅಸ್ತ್ರವಾಗಿ ಒದಗಿತು.

ಅನಿವಾಸಿ ಕೂಟಗಳಲ್ಲಿ ಈ ಪ್ರಸಂಗ ಬಂದಾಗ ಸಾಮಾನ್ಯವಾಗಿ ಎರಡು ಪ್ರತಿಕ್ರಿಯೆಗಳು. ಒಂದು ಮೌನ. ಇನ್ನೊಂದು, ಭಾರತೀಯರು ಹೆಚ್ಚು ಪ್ರತಿಭಾವಂತರು, ಅದಕ್ಕೇ ಆರಿಸಿದರು ಎಂಬ ಹೆಮ್ಮೆ. ಎರಡೂ ಸಾಲವು. ಮಾಲೀಕನ ಹೆಸರಿಗೆ ಕಟ್ಟಿದ ವೀಸಾದ ಮೇಲೆ ಬಂದು, ಎದುರು ಮಾತಾಡಿದರೆ ಊರಿಗೆ ಮರಳಬೇಕಾದ ನೌಕರ ಕಂಪನಿಗೆ ಬೇಕಾಗಿರುವುದು ಅವನ ಪ್ರತಿಭೆಗಷ್ಟೇ ಅಲ್ಲ, ಅವನ ಅಸಹಾಯಕತೆಗೂ ಹೌದು. ಕೆಲಸ ಕಳೆದುಕೊಂಡವರೂ ಕೆಲಸಕ್ಕೆ ಬಂದವರೂ ಒಂದೇ ಕೋಣೆಯಲ್ಲಿ ಎದುರುಬದುರು ಕೂತಿದ್ದರು. ಒಬ್ಬರಿಗೆ ಸಂಘವಿರಲಿಲ್ಲ, ಮತ್ತೊಬ್ಬರಿಗೆ ಬಾಯಿರಲಿಲ್ಲ. ಆ ಕೋಣೆಯಿಂದ ಹೊರಬಂದ ಮೇಲೆ ಅದೇ ವೀಸಾದ ಇನ್ನೊಂದು ಕುಟುಂಬ ಎರಡು ವರ್ಷ ಹಣ ಕೂಡಿಟ್ಟು ಅದೇ ಊರಿಗೆ ರಜೆ ಕಳೆಯಲು ಬರುತ್ತದೆ. ಸರತಿಯಲ್ಲಿ ನಿಂತು ಯಾರ ಮೇಲೆ ಸಿಟ್ಟಾಗಬೇಕೆಂದು ತಿಳಿಯದೆ ಟೋಪಿ ಧರಿಸಿದ ಹುಡುಗಿಯೊಬ್ಬಳ ಮೇಲೆ ರೇಗುತ್ತದೆ. 2023ರ ಕೊನೆಗೆ ಅಂಥವಳ ಕನಿಷ್ಠ ವೇತನ ಗಂಟೆಗೆ 18 ಡಾಲರ್ ಇತ್ತು.

ಇಷ್ಟೆಲ್ಲ ಹೇಳಿದ ಮೇಲೂ ಅಲ್ಲಿ ಸಿಗುವ ಸಂತೋಷ ಸುಳ್ಳೆನ್ನಲಾಗದು. ಯಾವ ಸಂತೋಷ ಎಂಬುದನ್ನು ಮಾತ್ರ ಸರಿಯಾಗಿ ಗುರುತಿಸಬೇಕು. ಕಾರಿಲ್ಲದೆ ಹಾಲು ತರಲಾಗದ ಉಪನಗರಗಳಲ್ಲಿ ಬದುಕುವ ಮನೆಯೊಂದು ಇಲ್ಲಿ ಐದು ದಿನ ಕಾಲ್ನಡಿಗೆಯಲ್ಲಿ ಓಡಾಡುತ್ತದೆ. ಬಸ್ಸು, ದೋಣಿ, ಮಾನೊರೈಲು ಉಚಿತ. ಬೀದಿ ಸ್ವಚ್ಛ, ಶೌಚಾಲಯ ಹತ್ತಿರ, ಕುಡಿಯುವ ನೀರು ಸುಲಭ. ಮಂಡಿನೋವಿನ ಅಜ್ಜಿ ಗಾಲಿಕುರ್ಚಿಯಲ್ಲಿ ಎಲ್ಲೆಡೆ ಹೋಗಬಲ್ಲಳು; ತನ್ನೂರಿನ ಬಸ್ ನಿಲ್ದಾಣದಲ್ಲಾಗಲಿ, ಮಗನ ಮನೆಯ ಪಾದಚಾರಿ ಮಾರ್ಗವಿಲ್ಲದ ರಸ್ತೆಯಲ್ಲಾಗಲಿ ಅವಳಿಗೆ ಆ ಸ್ವಾತಂತ್ರ್ಯವಿಲ್ಲ. ಅಪರಿಚಿತರ ನಡುವೆ ಭಯವಿಲ್ಲದೆ ನಡೆಯುವುದು, ಸಂಜೆ ಬೀದಿಯ ಸಂಗೀತಕ್ಕೆ ನಿಲ್ಲುವುದು, ಮಕ್ಕಳನ್ನು ಸ್ವಲ್ಪ ದೂರ ಓಡಲು ಬಿಡುವುದು ಇವು ಒಳ್ಳೆಯ ನಗರವೊಂದು ತನ್ನ ಜನರಿಗೆ ಕೊಡಬೇಕಾದವು. ವಾಸ್ತುಶಿಲ್ಪಿ ಚಾರ್ಲ್ಸ್ ಮೂರ್ 1965ರಲ್ಲೇ ಡಿಸ್ನಿಲ್ಯಾಂಡನ್ನು ಗಂಭೀರವಾಗಿ ತೆಗೆದುಕೊಂಡು ಬರೆದ ಲೇಖನದ ಶೀರ್ಷಿಕೆಯ ಅರ್ಥ, ಸಾರ್ವಜನಿಕ ಬದುಕಿಗಾಗಿ ಹಣ ತೆರಬೇಕು ಎಂದೇ ಆಗಿತ್ತು. ಕ್ಯಾಲಿಫೋರ್ನಿಯಾ ಕಟ್ಟಲು ಮರೆತ ಬೀದಿ ಟಿಕೆಟ್ಟಿನ ಬಾಗಿಲ ಒಳಗಿತ್ತು.

ಆ ಬೀದಿಯಲ್ಲಿ ನಡೆಯುವವರಿದ್ದಾರೆ, ಪೌರರಿಲ್ಲ. 1967ರಲ್ಲಿ ಫ್ಲಾರಿಡಾ ರಾಜ್ಯ ರೀಡಿ ಕ್ರೀಕ್ ಎಂಬ ವಿಶೇಷ ಜಿಲ್ಲೆಯನ್ನು ರಚಿಸಿ ಸ್ಥಳೀಯ ಸರ್ಕಾರದ ಅಧಿಕಾರಗಳನ್ನು ಹೆಚ್ಚುಕಡಿಮೆ ಕಂಪನಿಯ ಕೈಗೇ ಒಪ್ಪಿಸಿತ್ತು. ಶಾಲೆಗಳಲ್ಲಿ ಲೈಂಗಿಕ ಅಲ್ಪಸಂಖ್ಯಾತರ ಬಗೆಗಿನ ಪಾಠವನ್ನು ನಿರ್ಬಂಧಿಸಿದ ಕಾನೂನನ್ನು ಕಂಪನಿ ವಿರೋಧಿಸಿದ ಬಳಿಕ, 2023ರಲ್ಲಿ ಗವರ್ನರ್ ರಾನ್ ಡಿಸ್ಯಾಂಟಿಸ್ ಆ ಜಿಲ್ಲೆಯ ಆಡಳಿತ ಮಂಡಳಿಯ ನೇಮಕವನ್ನು ತಮ್ಮ ಕೈಗೆ ತೆಗೆದುಕೊಂಡರು. ಆಗ ಪ್ರಗತಿಪರರು ಒಂದು ಕಂಪನಿಯ ಖಾಸಗಿ ಸರ್ಕಾರವನ್ನು ಸಮರ್ಥಿಸುವ ಇಕ್ಕಟ್ಟಿಗೆ ಸಿಲುಕಿದ್ದರು. ಸೇಡಿನ ರಾಜಕಾರಣಕ್ಕೂ ಕಾರ್ಪೊರೇಟ್ ಆಳ್ವಿಕೆಗೂ ಹೊರತಾದ ಮೂರನೆಯ ಮಾತು, ಅಂದರೆ ಅಲ್ಲಿ ದುಡಿಯುವವರಿಗೂ ಸುತ್ತ ಬದುಕುವವರಿಗೂ ಆ ಆಡಳಿತದಲ್ಲಿ ದನಿಯಿರಬೇಕೆಂಬ ಮಾತು, ಗದ್ದಲದಲ್ಲಿ ಕೇಳಿಸಲಿಲ್ಲ.

ಆದ್ದರಿಂದ ಹೋಗಬೇಕೇ ಬೇಡವೇ ಎಂಬ ಪ್ರಶ್ನೆ ಇಲ್ಲಿ ದೊಡ್ಡದಲ್ಲ. ಮಕ್ಕಳ ಬಾಲ್ಯ ತತ್ವಚರ್ಚೆ ಮುಗಿಯುವವರೆಗೆ ಕಾಯುವುದಿಲ್ಲ, ಹೋಗುವವರು ಹೋಗಲಿ. ಆದರೆ ಹೋಗಿ ಬಂದವರ ‘ಆದರೆ’ ಮನೆಯೊಳಗಿನ ಗೊಣಗಾಟವಾಗಿ ಮುಗಿಯಬಾರದು. ಸಂಬಳ ಸಹಿತ ರಜೆಯ ಕಾನೂನಿಗಾಗಿ ಒತ್ತಾಯಿಸುವ ಜನಪ್ರತಿನಿಧಿ ಯಾರು ಎಂದು ಮತದಾನದ ಹಕ್ಕಿರುವ ಕನ್ನಡಿಗರು ಕೇಳಬಹುದು. ವೀಸಾ ನೌಕರನಿಗೆ ಮಾಲೀಕನನ್ನು ಬದಲಿಸುವ ನಿಜವಾದ ಸ್ವಾತಂತ್ರ್ಯ ಬೇಕೆಂಬ ಬೇಡಿಕೆಯನ್ನು, ಕೆಲಸ ಕಳೆದುಕೊಂಡ ಅಮೆರಿಕನ್ನರ ಬೇಡಿಕೆಯ ವಿರುದ್ಧವಾಗಿ ಇಡದೆ ಅದರ ಜೊತೆಗೇ ಇಡಬಹುದು. ಒರ್ಲ್ಯಾಂಡೊದ ನೌಕರರು ಒಪ್ಪಂದಕ್ಕಾಗಿ ಮುಂದಿನ ಸಲ ಬೀದಿಗಿಳಿದಾಗ ಕನ್ನಡ ಸಂಘಗಳೂ ಒಂದು ಸಾಲಿನ ಬೆಂಬಲ ಪತ್ರ ಬರೆಯಬಹುದು. ದಸರಾ, ದೀಪಾವಳಿಗಳಿಗೆ ಹೊರತಾದ ಸಾರ್ವಜನಿಕ ಬದುಕು ಆ ಸಂಘಗಳಿಗೂ ಬೇಕಾಗಿದೆ. ಮನೆಯ ಸುತ್ತಲಿನ ಊರಿನಲ್ಲಿ ಪಾದಚಾರಿ ಮಾರ್ಗ, ಬಸ್ಸು, ಉದ್ಯಾನವನಗಳಿಗೆ ತೆರಿಗೆ ಹಣ ಹೋಗಲಿ ಎಂದು ನಗರಸಭೆಯ ಸಭೆಯಲ್ಲಿ ಎದ್ದು ನಿಂತು ಹೇಳುವುದೂ ಮಕ್ಕಳಿಗೆ ತೋರಿಸಬಹುದಾದ ದೃಶ್ಯವೇ.

ವರ್ಷಕ್ಕೆ ನಾಲ್ಕು ವಾರ ನಿಶ್ಚಿಂತೆಯಿಂದ ರಜೆ ಪಡೆಯಬಲ್ಲ, ಬೇಕೆಂದಾಗ ಊರಿಗೆ ಹೋಗಿ ಬರಬಲ್ಲ, ಸಂಜೆ ನಡೆದುಹೋಗಲು ಹತ್ತಿರದಲ್ಲೊಂದು ಬೀದಿಯಿರುವ ಮನೆಗೆ ಒರ್ಲ್ಯಾಂಡೊ ಹಲವು ಪ್ರವಾಸಗಳಲ್ಲಿ ಒಂದಾಗಿರುತ್ತದೆ. ಎರಡು ಆಟ ತಪ್ಪಿದರೆ ತಪ್ಪಲಿ ಎನ್ನುವಷ್ಟು ಬಿಡುವು ಆ ಮನೆಯವರಿಗೆ ಇರುತ್ತದೆ. ಮಧ್ಯಾಹ್ನ ಸಿಡಿಲು ಬಂದು ಬಯಲಿನ ಆಟಗಳೆಲ್ಲ ನಿಂತಾಗ ಅವರು ಫೋನು ತೆಗೆಯದೆ ಮಳೆ ನೋಡುತ್ತ ಕೂರಬಲ್ಲರು.